ಆರೋಗ್ಯವಾರ್ತೆಗಳಲ್ಲಿ ಚತುರ್ಥೀ ವಿಭಕ್ತಿ

ಬೆಂಗಳೂರಿನ ವಿಶ್ವವಿದ್ಯಾನಿಲಯಗಳಿಂದಲೂ ವೈದ್ಯ ವಿದ್ಯಾಶಾಲೆಗಳಿಂದಲೂ ವರುಷದುದ್ದಕ್ಕೂ, ಅದರಲ್ಲಿಯೂ ಏಪ್ರಿಲ್ ೭ರ ವಿಶ್ವ ಆರೋಗ್ಯ ದಿನದ ಆಸುಪಾಸಿನಲ್ಲಿ, ಲೋಕದ ಆರೋಗ್ಯವನ್ನು ಕುರಿತ ವಾರ್ತೆಗಳೂ ಆಹ್ವಾನಪತ್ರಿಕೆಗಳೂ ಹೊರಡುತ್ತವೆ. ಎಲ್ಲಿಯೋ ಉಪನ್ಯಾಸ, ಎಲ್ಲಿಯೋ ವಿಚಾರಗೋಷ್ಠಿ, ಇನ್ನೆಲ್ಲಿಯೋ ಹಳ್ಳಿಗೆ ಹೊರಟ ವಿದ್ಯಾರ್ಥಿಗಳ ಶಿಬಿರ, ಪರದೇಶದ ವಿದ್ವಾಂಸರೊಡನೆ ಒಡಂಬಡಿಕೆ. ಇವೆಲ್ಲವೂ ಒಳ್ಳೆಯ ಕಾರ್ಯಗಳೆಂಬುದರಲ್ಲಿ ಸಂದೇಹವಿಲ್ಲ. ಇವುಗಳನ್ನು ತಿಳಿಸುವ ಕನ್ನಡವನ್ನು ಮಾತ್ರ ಯಾರೂ ಸಾಹಿತ್ಯವೆಂದು ಎಣಿಸುವುದಿಲ್ಲವಾದ ಕಾರಣ ವಿಮರ್ಶೆಯ ದೃಷ್ಟಿ ಅತ್ತ ಹೆಚ್ಚಾಗಿ ಹರಿದಿಲ್ಲ. ಕಾವ್ಯದಲ್ಲಿ ಒಂದು ಪದವು ಅಸ್ಥಾನದಲ್ಲಿ ಬಿದ್ದರೆ ರಸಭಂಗವಾದೀತು, ಓದುವವನು ಹುಬ್ಬು ಗಂಟಿಕ್ಕಿಯಾನು. ಆರೋಗ್ಯವಾರ್ತೆಯಲ್ಲಿ ಬಿದ್ದರೆ ಯಾರದೋ ಮನೆಯ ಮಗು ಜ್ವರದಿಂದ ಮಲಗೀತು. ದೋಷವಿಚಾರವು ಎಲ್ಲಿ ಹೆಚ್ಚು ಅವಶ್ಯವೆಂಬುದನ್ನು ವಾಚಕರೇ ನಿರ್ಣಯಿಸಬಹುದು.

ಈ ವಾರ್ತೆಗಳ ಶೈಲಿಗೆ ಮಾದರಿಯಾಗಿ, ಯಾವ ಒಂದು ಸಂಸ್ಥೆಯ ಮಾತೂ ಆಗದಂತೆ, ಒಂದು ವಾಕ್ಯವನ್ನು ಕಟ್ಟಿಕೊಳ್ಳಬಹುದು: “ಜಾಗತಿಕ ಸಾರ್ವಜನಿಕ ಆರೋಗ್ಯದ ಸವಾಲುಗಳನ್ನು ಎದುರಿಸುವ ನಿಟ್ಟಿನಲ್ಲಿ ಬಹುಶಿಸ್ತೀಯ ಸಹಭಾಗಿತ್ವವನ್ನು ಬಲಪಡಿಸಲು ಕಾರ್ಯಾಗಾರವನ್ನು ಹಮ್ಮಿಕೊಳ್ಳಲಾಗಿದೆ.” ವೃತ್ತಪತ್ರಿಕೆಗಳನ್ನು ಓದುವವರಿಗೆ ಇಂಥ ವಾಕ್ಯ ಹೊಸತಲ್ಲ. ವ್ಯಾಕರಣದ ತಪ್ಪು ಇದರಲ್ಲಿ ಒಂದೂ ಇಲ್ಲ. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಮೇಲ್ನೋಟಕ್ಕೆ ಕೂಡಿಬಂದಿವೆ. ಆದರೂ ಓದಿ ಮುಗಿಸಿದವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕಾರಕಗಳನ್ನು ಬಿಡಿಸಿ ನೋಡಿದರೆ ಕಾರಣ ತಿಳಿಯುತ್ತದೆ. ಕರ್ಮವಿದೆ, ಸವಾಲು, ಸಹಭಾಗಿತ್ವ, ಕಾರ್ಯಾಗಾರ ಎಂಬ ಮೂರು ಕರ್ಮಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತಿವೆ. ಕರ್ತೃವಿಲ್ಲ; “ಹಮ್ಮಿಕೊಳ್ಳಲಾಗಿದೆ” ಎಂಬ ರೂಪವು ಮಾಡುವವನನ್ನು ಮರೆಮಾಡಿಬಿಡುತ್ತದೆ. (ಹಿಂದಿನ ತಲೆಮಾರಿನ ಪಂಡಿತರು “ಅಲ್ಪಟ್ಟಿತು” ಎಂದು ಬರೆದು ಇದೇ ಅಪರಾಧವನ್ನು ಇನ್ನಷ್ಟು ಉದ್ದವಾಗಿ ಮಾಡಿದರೆಂಬುದನ್ನೂ ಒಪ್ಪಬೇಕು.) ಕರ್ತೃಲೋಪವನ್ನಾದರೂ ಸಹಿಸಬಹುದು. ಸಂಪ್ರದಾನವೇ ಇಲ್ಲದಿರುವುದು ಅದಕ್ಕಿಂತ ದೊಡ್ಡ ಕೊರತೆ. ಯಾರಿಗೆ ಈ ಕಾರ್ಯಾಗಾರ, ಯಾರಿಗೆ ಇದರಿಂದ ಹಿತ, ಯಾರಿಗೆ ಈ ಮಾತು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದ “ಗೆ”, “ಕೆ” ಪ್ರತ್ಯಯಗಳು ವಾಕ್ಯದಲ್ಲಿ ಹುಡುಕಿದರೂ ದೊರೆಯವು.

ಇದನ್ನು ಹಗುರವಾಗಿ ಎಣಿಸುವಂತಿಲ್ಲ. ಏಕೆಂದರೆ “ಸಾರ್ವಜನಿಕ” ಎಂಬ ಶಬ್ದದ ಹುಟ್ಟಿನಲ್ಲಿಯೇ ಚತುರ್ಥಿಯಿದೆ. ಪಾಣಿನಿಯ ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ, “ಅದಕ್ಕೆ ಹಿತವಾದದ್ದು” ಎಂಬ ಅರ್ಥದಲ್ಲಿ ತದ್ಧಿತ ಪ್ರತ್ಯಯಗಳನ್ನು ವಿಧಿಸುವ ಪ್ರಕರಣವೊಂದುಂಟು. ವಿಶ್ವಜನಕ್ಕೆ ಹಿತವಾದದ್ದು ವಿಶ್ವಜನೀನ. ಅಲ್ಲಿಯೇ ಸರ್ವಜನ ಶಬ್ದವನ್ನು ಕುರಿತ ವಾರ್ತಿಕದಿಂದ ಸಾರ್ವಜನಿಕ, ಸರ್ವಜನೀನ ಎಂಬ ಎರಡು ರೂಪಗಳು ಸಿದ್ಧಿಸುತ್ತವೆ. ವೈಯಾಕರಣನ ಕಿವಿಗೆ ಸಾರ್ವಜನಿಕವೆಂದರೆ ಎಲ್ಲ ಜನಕ್ಕೂ ಹಿತವಾದದ್ದು. ಕಚೇರಿಯ ಕನ್ನಡದಲ್ಲಿ ಈ ಶಬ್ದವು ಪಡೆದ ಗತಿಯನ್ನು ನೋಡಿದರೆ ನಗುವೂ ವ್ಯಥೆಯೂ ಒಟ್ಟಿಗೆ ಬರುತ್ತವೆ. ಅಲ್ಲಿ ಸಾರ್ವಜನಿಕರೆಂದರೆ ಮೇಜಿನ ಆಚೆಯ ಕಡೆ ನಿಂತವರು. ಬಾಗಿಲ ಮೇಲಿನ “ಸಾರ್ವಜನಿಕರಿಗೆ ಪ್ರವೇಶವಿಲ್ಲ” ಎಂಬ ಹಲಗೆಯಲ್ಲಿ ಚತುರ್ಥಿಯೇನೋ ಇದೆ, ನಿರಾಕರಿಸುವುದಕ್ಕಾಗಿ ಬಂದಿದೆ.

“ಆರೋಗ್ಯ” ಶಬ್ದದ ಚರಿತ್ರೆ ಇದಕ್ಕಿಂತಲೂ ವಿಚಿತ್ರವಾದದ್ದು. ರೋಗವಿಲ್ಲದವನು ಅರೋಗ, ಅವನ ಭಾವವು ಆರೋಗ್ಯ. ೧೯೪೬ರಲ್ಲಿ ಸಹಿಯಾಗಿ ೧೯೪೮ರ ಏಪ್ರಿಲ್ ೭ರಂದು ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಆರೋಗ್ಯಕ್ಕೆ ಕೊಡುವ ಲಕ್ಷಣವೇನೆಂದರೆ, ಅದು ರೋಗದ ಅಭಾವಮಾತ್ರವಲ್ಲ, ದೇಹ ಮನಸ್ಸು ಸಮಾಜಜೀವನ ಈ ಮೂರರಲ್ಲಿಯೂ ಪೂರ್ಣವಾದ ಸುಸ್ಥಿತಿ ಎಂಬುದು. ಇದನ್ನು ಕನ್ನಡಕ್ಕೆ ತಂದಾಗ “ರೋಗವಿಲ್ಲದಿರುವಿಕೆಯೆಂಬುದು ರೋಗವಿಲ್ಲದಿರುವಿಕೆಯಷ್ಟೇ ಅಲ್ಲ” ಎಂದಂತಾಗುತ್ತದೆ! ಲಕ್ಷಣವಾಕ್ಯವು ಲಕ್ಷ್ಯಪದವನ್ನೇ ಹೊಡೆಯುವ ಇಂಥ ಪ್ರಸಂಗವು ತರ್ಕದ ಪಾಠಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಒಳ್ಳೆಯ ವಿನೋದವಾದೀತು. “ಸ್ವಾಸ್ಥ್ಯ”ವೇ ಈ ಅರ್ಥಕ್ಕೆ ಹತ್ತಿರವೆಂದು ಕೆಲವರು ವಾದಿಸಿಯಾರು. ಸುಶ್ರುತನು ಸ್ವಸ್ಥನ ಲಕ್ಷಣವನ್ನು ಹೇಳುವಾಗ ದೋಷ, ಅಗ್ನಿ, ಧಾತು, ಮಲಗಳ ಸಮತೆಯ ಜೊತೆಗೆ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸುತ್ತಾನೆ. ಹಿಂದಿಯವರೂ ಬಂಗಾಳಿಯವರೂ ಸ್ವಾಸ್ಥ್ಯವನ್ನೇ ಹಿಡಿದಿದ್ದಾರೆ. ಮರಾಠಿಯೂ ಕನ್ನಡವೂ ಆರೋಗ್ಯವನ್ನು ಹಿಡಿದಿವೆ.

ಆದರೆ ಹಿಡಿದದ್ದನ್ನು ಬಿಡಬೇಕೆನ್ನುವುದಕ್ಕೆ ಮೊದಲು ಎರಡು ಸಂಗತಿಗಳನ್ನು ನೋಡಬೇಕು. ರೂಢಿಯು ಯೋಗಾರ್ಥಕ್ಕಿಂತ ಬಲವುಳ್ಳದ್ದೆಂಬುದು ಶಾಸ್ತ್ರಜ್ಞರ ಒಪ್ಪಿತ ಮತ. ಪಂಕಜವೆಂದರೆ ಕೆಸರಿನಲ್ಲಿ ಹುಟ್ಟಿದ ಕಪ್ಪೆಯೆಂದು ಯಾರೂ ತಿಳಿಯುವುದಿಲ್ಲ. ಲಸಿಕೆ ಎಂಬ ಪದವೂ ಹಾಗೆಯೇ. ಆಯುರ್ವೇದದಲ್ಲಿ ಲಸೀಕೆಯೆಂದರೆ ಚರ್ಮದ ಅಡಿಯ ತೆಳುವಾದ ದ್ರವ. ಕರುವಿನ ಮೈಯಿಂದ ತೆಗೆದ ದ್ರವದಿಂದ ಸಿಡುಬಿಗೆ ದಾಕು ಹಾಕುತ್ತಿದ್ದ ಕಾಲದಲ್ಲಿ ಆ ಪದವು ಅನ್ವರ್ಥವಾಗಿತ್ತು. ಈಗಿನ ಲಸಿಕೆಗಳಲ್ಲಿ ಆ ದ್ರವವೂ ಇಲ್ಲ, ಕರುವೂ ಇಲ್ಲ. ಪದ ಮಾತ್ರ ನಿಂತಿದೆ, ಜನ ಅರಿತಿದ್ದಾರೆ, ಕೆಲಸ ನಡೆಯುತ್ತಿದೆ. ಎರಡನೆಯ ಸಂಗತಿ ಇನ್ನೂ ಗುರುತರವಾದದ್ದು. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ, ಎದುರಾದವರ ಯೋಗಕ್ಷೇಮವನ್ನು ಕೇಳುವ ಕ್ರಮವನ್ನು ಹೇಳುವಾಗ, ಬ್ರಾಹ್ಮಣನನ್ನು ಕುಶಲವೆಂದೂ ಕ್ಷತ್ರಿಯನನ್ನು ಅನಾಮಯವೆಂದೂ ವೈಶ್ಯನನ್ನು ಕ್ಷೇಮವೆಂದೂ ಶೂದ್ರನನ್ನು ಆರೋಗ್ಯವೆಂದೂ ಕೇಳಬೇಕೆಂದು ವಿಧಿಸಿದೆ. ಒಳ್ಳೆಯ ಸ್ಥಿತಿಯೆಂಬ ಒಂದೇ ವಸ್ತುವಿಗೆ ನಾಲ್ಕು ಹೆಸರು, ನಾಲ್ಕು ಬಾಗಿಲು! ಆ ನಾಲ್ಕರಲ್ಲಿ ಕಟ್ಟಕಡೆಯ ಬಾಗಿಲಿನದು ಇಂದು ಸರಕಾರದ ಇಲಾಖೆಗೂ, ೧೯೯೬ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ, ವಿಶ್ವಸಂಸ್ಥೆಯ ಅಂಗವೊಂದಕ್ಕೂ ಹೆಸರಾಗಿ ನಿಂತಿದೆ. ಕುಶಲವು ಕಾಗದ ಬರೆಯುವವರ ಮೊದಲ ಸಾಲಿನಲ್ಲಿ ಉಳಿಯಿತು. ಶಬ್ದಗಳ ಲೋಕದಲ್ಲಿ ಇಂಥ ನ್ಯಾಯವು ಅಪರೂಪ. ಆದಕಾರಣ ಆರೋಗ್ಯ ಶಬ್ದದ ಮೇಲಿನ ವ್ಯುತ್ಪತ್ತಿಯ ಆಕ್ಷೇಪವನ್ನು ಇಲ್ಲಿಗೆ ಬಿಡುವುದೇ ಯುಕ್ತ. ಆಕ್ಷೇಪವಿರಬೇಕಾದದ್ದು ಪದಗಳ ಹುಟ್ಟಿನ ಮೇಲಲ್ಲ. ಅವು ಯಾರನ್ನು ಮುಟ್ಟುತ್ತವೆ, ಯಾರನ್ನು ಹೊರಗಿಡುತ್ತವೆ ಎಂಬುದರ ಮೇಲೆ.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಈ ಪ್ರಶ್ನೆಯು ಪುಸ್ತಕದ ಪ್ರಶ್ನೆಯಲ್ಲ. ಚಾಮರಾಜಪೇಟೆಯು ೧೮೯೨ರಲ್ಲಿ ಹುಟ್ಟಿತು. ೧೮೯೮ರಲ್ಲಿ ಮುಂಬಯಿಯ ಕಡೆಯಿಂದ ರೈಲಿನ ದಾರಿ ಹಿಡಿದು ಪ್ಲೇಗು ಬೆಂಗಳೂರಿಗೆ ಬಂದಿತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಬಯಲಿಗೆ ತರುವುದಕ್ಕೆಂದು ಬಸವನಗುಡಿ, ಮಲ್ಲೇಶ್ವರ ಎಂಬ ಎರಡು ಬಡಾವಣೆಗಳು ಬೆಳೆದವು. ನೇರವಾದ ಅಗಲ ರಸ್ತೆ, ಮನೆಯ ಸುತ್ತ ಗಾಳಿಗೆ ಎಡೆ, ಹಿಂಭಾಗದಲ್ಲಿ ಕನ್ಸರ್ವೆನ್ಸಿ ಎಂಬ ಓಣಿ. ಇವೆಲ್ಲ ಆ ಕಾಲದ ಆರೋಗ್ಯಶಾಸ್ತ್ರವನ್ನು ಕಲ್ಲುಗಾರೆಯಲ್ಲಿ ಬರೆದ ವಾಕ್ಯಗಳೆನ್ನಬಹುದು. ಆ ವಾಕ್ಯಗಳಲ್ಲಿಯೂ ಚತುರ್ಥಿಯನ್ನು ಹುಡುಕಿದರೆ ಸಿಕ್ಕುವುದು ಸ್ವಲ್ಪ ಕಹಿಯಾದ ಉತ್ತರ. ನಿವೇಶನಗಳನ್ನು ಕೊಡುವಾಗ ಜಾತಿಮತಗಳ ಮೇರೆಗೆ ವಿಂಗಡಣೆ ಇತ್ತು. ಹಿಂದಿನ ಓಣಿಯು ಇದ್ದದ್ದು ಮಲವನ್ನು ಹೊತ್ತೊಯ್ಯುವವರು ಮುಂಬಾಗಿಲಿನ ರಸ್ತೆಯಲ್ಲಿ ಕಾಣದಂತೆ ಬಂದು ಹೋಗುವುದಕ್ಕೆ. ಗಾಳಿ ಬೆಳಕುಗಳು ಮನೆಯವರಿಗೆ, ಓಣಿ ಅವರಿಗೆ. ಇಂದು ಆ ಓಣಿಗಳಲ್ಲಿ ವಾಹನಗಳು ನಿಲ್ಲುತ್ತವೆ, ಮಕ್ಕಳು ಚೆಂಡಾಡುತ್ತಾರೆ. ಅವು ಯಾರಿಗಾಗಿ ಆದುವೆಂಬುದನ್ನು ನೆನೆಯುವವರು ಕಡಿಮೆ.

ಪ್ಲೇಗಿನ ಕಾಲದ ಆಜ್ಞೆಗಳು ಕಠಿನವಾಗಿದ್ದವು: ಮನೆ ಬಿಡಿಸುವುದು, ರೋಗಿಗಳನ್ನು ಬೇರೆ ಶಿಬಿರಕ್ಕೆ ಸಾಗಿಸುವುದು, ಪ್ರಯಾಣಿಕರನ್ನು ತಡೆಯುವುದು. ಇವುಗಳ ಕಾರಣವು ಜನರಿಗೆ ತಿಳಿಯದೆ ಹೋದ ಕಡೆ ಭಯವು ಕೋಪವಾಗಿ ತಿರುಗಿತು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ೧೮೯೮ರಲ್ಲಿ ದಂಗೆಯೇ ಆಯಿತು. ಮಾತು ಸೋತ ಕಡೆ ಲಾಠಿ ಬರುತ್ತದೆ. ಲಾಠಿ ಬಂದ ಮೇಲೆ ರೋಗವು ಮುಚ್ಚಿದ ಬಾಗಿಲಿನ ಒಳಗೇ ಬೆಳೆಯುತ್ತದೆ. ೨೦೨೦ರ ಏಪ್ರಿಲಿನಲ್ಲಿ ಚಾಮರಾಜಪೇಟೆಗೆ ಸಮೀಪದ ಪಾದರಾಯನಪುರವನ್ನು ಕೊರೋನಾ ನಿಮಿತ್ತ ಮುಚ್ಚಿದಾಗಲೂ ಅಧಿಕಾರಿಗಳಿಗೂ ಕೆಲವು ನಿವಾಸಿಗಳಿಗೂ ಘರ್ಷಣೆಯಾದದ್ದು ಎಲ್ಲರಿಗೂ ತಿಳಿದಿದೆ. ನಡುವೆ ನೂರಿಪ್ಪತ್ತೆರಡು ವರುಷ ಕಳೆದಿದ್ದವು. “ಸೀಲ್‌ಡೌನ್” ಎಂಬ ಪದವನ್ನು ಕೇಳಿದವರಿಗೆ ಬೀಗಮುದ್ರೆಯ ನೆನಪಾಗುವುದು ಸಹಜ. ಬೀಗಮುದ್ರೆ ಬೀಳುವುದು ಸಾಲ ತೀರಿಸದವನ ಮನೆಗೆ, ಅಪರಾಧಿಯ ಅಂಗಡಿಗೆ.

ಪ್ಲೇಗಿನ ದಿನಗಳಲ್ಲಿ ಜನರೇ ಕಂಡುಕೊಂಡ ಒಂದು ವಾಕ್ಯವನ್ನು ಇದಕ್ಕೆ ಎದುರಾಗಿ ನಿಲ್ಲಿಸಬೇಕು. “ಇಲಿ ಬಿತ್ತು.” ಎರಡೇ ಪದ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅಟ್ಟದಿಂದ ಇಲಿಯೊಂದು ಸತ್ತು ಬಿದ್ದರೆ ಊರವರು ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಬಸವನಗುಡಿಯ ರಸ್ತೆಗಳಿಗೆ ಗೂಟ ಹೊಡೆಯುತ್ತಿದ್ದ ಅದೇ ೧೮೯೮ರಲ್ಲಿ ಸೀಮೋನ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ, ಸತ್ತ ಇಲಿಯ ಮೈಬಿಟ್ಟ ಚಿಗಟಗಳಿಂದ ಈ ರೋಗವು ಹರಡುತ್ತದೆಂದು ಕಂಡುಕೊಂಡನು. ವಿದ್ವಾಂಸರು ಅದನ್ನು ಒಪ್ಪುವುದಕ್ಕೆ ವರುಷಗಳೇ ಹಿಡಿದವು. ಚಿಗಟದ ಸಂಗತಿಯು ಹಳ್ಳಿಯವರಿಗೂ ತಿಳಿದಿರಲಿಲ್ಲ. ಆದರೆ ಇಲಿಯ ಸಾವು ಮೊದಲು, ಮನುಷ್ಯನ ಸಾವು ಆಮೇಲೆ ಎಂಬ ಕ್ರಮವು ಅವರ ವಾಕ್ಯದಲ್ಲಿ ಅಡಗಿತ್ತು. ಕೇಳಿದವನು ಏನು ಮಾಡಬೇಕೆಂಬುದೂ ಅಡಗಿತ್ತು. ಹೇಳಿದ್ದು ಎರಡು ಪದ, ಧ್ವನಿಸಿದ್ದು “ಹೊರಡು” ಎಂಬ ಮೂರನೆಯದು. ಧ್ವನಿಯ ಉದಾಹರಣೆಗಳನ್ನು ಕಾವ್ಯಗಳಲ್ಲಿಯೇ ಹುಡುಕುವ ಅಲಂಕಾರಪಂಡಿತರು ಇದನ್ನೊಮ್ಮೆ ಪರಿಶೀಲಿಸಬೇಕು.

ಕನ್ನಡದ ಇಬ್ಬರು ಕಾದಂಬರಿಕಾರರು ಈ ವಾಕ್ಯದ ಬೆಲೆಯನ್ನು ಅರಿತಿದ್ದರು. ಎಸ್. ಎಲ್. ಭೈರಪ್ಪನವರ ಗೃಹಭಂಗದಲ್ಲಿ (೧೯೭೦) ಪ್ಲೇಗು ಬಂದಾಗ ಊರು ಖಾಲಿಯಾಗಿ ಬಯಲಿನಲ್ಲಿ ಗುಡಿಸಲುಗಳು ಏಳುವುದನ್ನು ಲೇಖಕರು ವರ್ಣನೆಯ ಆಡಂಬರವಿಲ್ಲದೆ, ಸುಗ್ಗಿಯ ಕೆಲಸವನ್ನು ಹೇಳುವಂತೆ ಹೇಳುತ್ತಾರೆ. ಅದರಿಂದಲೇ ಮುಂದಿನ ಸಾವುಗಳು ಎದೆಗೆ ತಾಕುತ್ತವೆ. ಯು. ಆರ್. ಅನಂತಮೂರ್ತಿಯವರ ಸಂಸ್ಕಾರದಲ್ಲಿ (೧೯೬೫) ನಡೆಯುವುದು ಇದಕ್ಕೆ ವಿಪರೀತ. ದೂರ್ವಾಸಪುರದ ಅಗ್ರಹಾರದಲ್ಲಿ ಇಲಿಗಳು ಸಾಯುತ್ತಿವೆ, ಮಾಡುಗಳ ಮೇಲೆ ರಣಹದ್ದುಗಳು ಬಂದು ಕೂರುತ್ತಿವೆ. ಒಳಗೆ ಶವಸಂಸ್ಕಾರದ ಅಧಿಕಾರವು ಯಾರದೆಂಬ ಚರ್ಚೆ ನಡೆಯುತ್ತಿದೆ. ಆ ಕೃತಿಯ ಮೇಲೆ ಬಂದ ವಿಮರ್ಶೆಯು ಬಹುಪಾಲು ಆಚಾರ, ಕಾಮ, ವ್ಯಕ್ತಿಯ ಆಯ್ಕೆ ಇವುಗಳ ಸುತ್ತ ತಿರುಗಿದೆ. ಆರೋಗ್ಯಶಾಸ್ತ್ರದ ಕಡೆಯಿಂದ ಓದಿದರೆ ಅದು ಲಕ್ಷಣಗಳನ್ನು ಓದಲಾರದೆ ಹೋದ ವಿದ್ವಾಂಸರ ಕಥೆ. ಅವರ ಬಳಿ ಗ್ರಂಥಗಳಿಗೆ ಕೊರತೆಯಿರಲಿಲ್ಲ. ಎರಡು ಪದಗಳ ಆ ವಾಕ್ಯವನ್ನು ಹೇಳಿ ಹೊರಡುವವರು ಅವರಲ್ಲಿ ಇರಲಿಲ್ಲ. ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರು ಈ ಕಾದಂಬರಿಯ ಮೇಲೆ ಕೋಪಿಸಿಕೊಂಡದ್ದುಂಟು. ಅದರ ಈ ಮುಖವನ್ನು ನೋಡಿದ್ದರೆ ಕೋಪಕ್ಕಿಂತ ನಾಚಿಕೆ ಹೆಚ್ಚಾಗುತ್ತಿತ್ತು.

ಇಲ್ಲಿ ಒಂದು ಪೂರ್ವಪಕ್ಷ. ಜನಸಮುದಾಯದ ಆರೋಗ್ಯವೆಂಬ ಭಾವನೆಯು ಹೊಸತೇನಲ್ಲ, ಎಲ್ಲವೂ ನಮ್ಮ ಹಿಂದಿನ ಗ್ರಂಥಗಳಲ್ಲಿದೆ ಎನ್ನುವವರುಂಟು. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವು ಜನಪದೋದ್ಧ್ವಂಸವನ್ನು ಕುರಿತದ್ದು. ದೇಹಪ್ರಕೃತಿ, ಆಹಾರ, ವಯಸ್ಸು ಒಬ್ಬೊಬ್ಬರಿಗೂ ಬೇರೆಯಾಗಿರುವಾಗ ಒಂದೇ ರೋಗವು ಒಂದೇ ಕಾಲದಲ್ಲಿ ನಾಡನ್ನೆಲ್ಲ ನಾಶ ಮಾಡುವುದು ಹೇಗೆಂಬ ಅಗ್ನಿವೇಶನ ಪ್ರಶ್ನೆಗೆ ಆತ್ರೇಯನು, ಎಲ್ಲರಿಗೂ ಸಮಾನವಾದ ಗಾಳಿ, ನೀರು, ನೆಲ, ಕಾಲಗಳು ಕೆಡುವುದರಿಂದ ಎಂದು ಉತ್ತರ ಕೊಡುತ್ತಾನೆ. ಪ್ರಶ್ನೆಯೂ ಉತ್ತಮ, ಉತ್ತರವೂ ಉತ್ತಮ. ಆದರೆ ಕನ್ನಡದಲ್ಲಿ ಈ ಎಳೆಯನ್ನು ಮುಂದುವರಿಸಿದವರಾರು? ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವು ಒಬ್ಬ ರೋಗಿಗೆ, ಮಂಗರಾಜನ ಖಗೇಂದ್ರಮಣಿದರ್ಪಣವು ವಿಷ ತಗುಲಿದವನಿಗೆ, ಕೀರ್ತಿವರ್ಮನ ಗೋವೈದ್ಯವು ದನಕರುಗಳಿಗೆ. ಎರಡನೆಯ ಚಾವುಂಡರಾಯನ ಲೋಕೋಪಕಾರವೊಂದು ಬಾವಿ ತೋಡುವ ನೆಲದಿಂದ ಹಿಡಿದು ಅಡಿಗೆಯ ಮನೆಯವರೆಗೆ ಮನೆಮಂದಿಗೆಲ್ಲ ಬೇಕಾದ ವಿಷಯಗಳನ್ನು ಕೂಡಿಸಿತು, ಹೆಸರಿನಲ್ಲಿಯೇ ಲೋಕವಿದೆ. ಆಮೇಲೆ ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಬೆಂಗಳೂರಿನಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ನಡೆಸಿ ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಹೇಳಬಹುದೆಂದು ತೋರಿಸಿದರು. ಎರಡು ವರುಷಗಳಲ್ಲಿ ಅದು ನಿಂತುಹೋಯಿತು. ಚರಕನ ಅಧ್ಯಾಯವನ್ನು ಹೊಗಳುವುದರಿಂದ ಈ ಬಿಡುವು ತುಂಬುವುದಿಲ್ಲ.

ಜನರ ಮಾತೆಲ್ಲ ಪ್ರಮಾಣವೆಂದೂ ಹೇಳುವಂತಿಲ್ಲ. ಇದಕ್ಕೆ ಮಲೆನಾಡಿನ ಒಂದು ಹೆಸರೇ ಸಾಕ್ಷಿ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಜ್ವರವನ್ನು ಲೋಕದ ವೈದ್ಯಗ್ರಂಥಗಳು ಆ ಕಾಡಿನ ಹೆಸರಿನಿಂದಲೇ ಕರೆಯುತ್ತವೆ. ಕನ್ನಡದ ಒಂದು ಊರಿನ ಹೆಸರು ಹೀಗೆ ಜಿನೀವದ ಪಟ್ಟಿಗಳಲ್ಲಿ ಸೇರಿದ್ದು ಹೆಮ್ಮೆಯ ವಿಷಯವೋ ಅಲ್ಲವೋ ಆ ಊರಿನವರೇ ಹೇಳಬೇಕು. ಮಲೆನಾಡಿನ ಜನ ಅದನ್ನು ಮಂಗನ ಕಾಯಿಲೆ ಎಂದರು. ಮುಸುವಗಳೂ ಕೋತಿಗಳೂ ಕಾಡಿನಲ್ಲಿ ಸತ್ತು ಬೀಳುವುದು ಅದರ ಮುನ್ಸೂಚನೆಯಾಗಿತ್ತು. ಇಲಿ ಬಿತ್ತು ಎಂಬುದಕ್ಕೆ ಸರಿಸಮನಾದ ಹೆಸರು. ಆದರೆ ಇಲ್ಲಿ ಒಂದು ಮೋಸವೂ ಇದೆ. ರೋಗವನ್ನು ಮನುಷ್ಯನಿಗೆ ತರುವುದು ಉಣ್ಣೆಯ ಕಡಿತ. ಮಂಗವು ಮನುಷ್ಯನಂತೆಯೇ ಅದರ ಬಲಿ. ಸತ್ತ ಮಂಗದ ಮೈಯಿಂದ ಉಣ್ಣೆಗಳು ನೆಲಕ್ಕೆ ಇಳಿದು ಸುತ್ತಲೂ ಚೆಲ್ಲುವುದರಿಂದ ಆ ಸ್ಥಳವು ಅಪಾಯದ ಸ್ಥಳ. ಹೆಸರು ಮಂಗದ ಮೇಲೆ ಬೆರಳು ತೋರಿಸಿದಾಗ, ದರಗು ಗುಡಿಸಲು ಹೋದ ಹೆಂಗಸಿನ ಕಾಲಿಗೆ ಹತ್ತುವ ಉಣ್ಣೆಯು ಕಣ್ಮರೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ, ಹೊಸ ರೋಗಗಳಿಗೆ ಊರಿನ, ಪ್ರಾಣಿಯ, ಜನವರ್ಗದ ಹೆಸರನ್ನು ಇಡಬಾರದೆಂದು ಸೂಚಿಸಿತು. ೨೦೨೨ರಲ್ಲಿ ಮಂಕಿಪಾಕ್ಸ್ ಎಂಬ ಹೆಸರನ್ನು ಎಂಪಾಕ್ಸ್ ಎಂದು ಬದಲಿಸಿತು. ಮಲೆನಾಡಿಗಂತೂ ಇದು ಉಪಕಾರವೇ ಆಯಿತು. ಇಲ್ಲವಾದರೆ ಒಂದೇ ಜಿಲ್ಲೆಯ ಜನ ಎರಡು ಮಂಗಗಳ ನಡುವೆ ಸಿಕ್ಕಿಬೀಳುತ್ತಿದ್ದರು. ಆದರೆ ಆ ಸೂಚನೆಯ ಹಿಂದೆ ನಡೆದು ಮಂಗನ ಕಾಯಿಲೆ ಎಂಬ ಹೆಸರನ್ನು ಅಳಿಸಿ ಮೂರು ರೋಮನ್ ಅಕ್ಷರಗಳನ್ನು ಅಲ್ಲಿ ಕೂರಿಸುವುದು ಜಾಣತನವಲ್ಲ. ಎಚ್ಚರಿಸುವ ಹೆಸರನ್ನು ಉಳಿಸಿಕೊಂಡು, “ಮಂಗ ಸತ್ತ ಕಡೆ ಹೋಗಬೇಡಿ, ಉಣ್ಣೆ ಇದೆ” ಎಂಬ ಮಾತನ್ನು ಅದಕ್ಕೆ ಜೋಡಿಸುವುದೇ ಮೇಲು.

ಕೊರೋನಾ ಕಾಲದ ಕನ್ನಡವನ್ನು ವಿಮರ್ಶಿಸದೆ ಈ ವಿಷಯವು ಪೂರ್ಣವಾಗದು. ೨೦೨೦ರ ಮಾರ್ಚಿಯಿಂದ ಕನ್ನಡನಾಡಿನ ಗೋಡೆಗಳ ಮೇಲೂ, ಅಂಗಡಿಯ ಬಾಗಿಲುಗಳ ಮೇಲೂ, ದೂರವಾಣಿಯ ಕರೆಗಂಟೆಯ ಮುಂಚೆಯೂ ಕೇಳಿಬಂದ ನುಡಿಯೆಂದರೆ “ಸಾಮಾಜಿಕ ಅಂತರ”. ಇಂಗ್ಲೀಷಿನ ಎರಡು ಪದಗಳಿಗೆ ಎರಡು ಸಂಸ್ಕೃತ ಪದಗಳನ್ನು ಎದುರುಬದುರು ಇಟ್ಟ ಅನುವಾದ. ಅದೇ ತಿಂಗಳಿನಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯವರು, ದೂರವಿರಬೇಕಾದದ್ದು ದೇಹಗಳೇ ಹೊರತು ಸಮಾಜವಲ್ಲವೆಂದು ಆ ಪದವನ್ನು ಬಿಟ್ಟು ದೈಹಿಕ ಅಂತರವೆಂಬರ್ಥದ ಪದವನ್ನು ಹಿಡಿದರು. ಯೂರೋಪಿನಲ್ಲಿ ಅದು ಒಂದು ಸೂಕ್ಷ್ಮವಾದ ತಿದ್ದುಪಡಿ; ಇಲ್ಲಿ ಅದು ಜೀವಾಳದ ಪ್ರಶ್ನೆ. ಬಾವಿಯ ಬಳಿ, ಗುಡಿಯ ಬಾಗಿಲಲ್ಲಿ, ಊಟದ ಪಂಕ್ತಿಯಲ್ಲಿ, ಹೋಟಲಿನ ಬೇರೆ ಲೋಟದಲ್ಲಿ ಸಾಮಾಜಿಕ ಅಂತರವನ್ನು ತಲೆಮಾರುಗಳ ಕಾಲ ಉಂಡವರಿರುವ ನಾಡಿನಲ್ಲಿ, ಸರಕಾರವೇ ಅದನ್ನು “ಕಾಪಾಡಿಕೊಳ್ಳಿ” ಎಂದು ಸಾರಿತು. ಕ್ರಿಯಾಪದವೂ ಅದೆಷ್ಟು ಚೆನ್ನಾಗಿ ಒದಗಿತು! ಅಂಗಡಿಯ ಮುಂದೆ ಸುಣ್ಣದಿಂದ ವೃತ್ತಗಳನ್ನು ಬರೆದು “ಆರಡಿ ದೂರ ನಿಲ್ಲಿ” ಎಂದು ಬರೆಸಿದ ದಿನಸಿ ವ್ಯಾಪಾರಿಗಳ ಕನ್ನಡವು ಪಂಡಿತರ ಕನ್ನಡಕ್ಕಿಂತ ಶುದ್ಧವಾಗಿತ್ತು. ಅಳತೆ ಇದೆ, ಕ್ರಿಯೆ ಇದೆ, ನಿಲ್ಲಬೇಕಾದವನು ಎದುರಿಗಿದ್ದಾನೆ, ಯಾವ ಜಾತಿಯೂ ಅಲ್ಲಿ ಇಲ್ಲ.

“ಸಮುದಾಯ” ಎಂಬ ಪದದ ತೊಡಕು ಇದರ ತಮ್ಮ. ವೈದ್ಯ ವಿದ್ಯಾಶಾಲೆಗಳಲ್ಲಿ ಸಮುದಾಯ ವೈದ್ಯಶಾಸ್ತ್ರವೆಂಬ ವಿಭಾಗವುಂಟು. ಲೋಕಾರೋಗ್ಯವಾರ್ತೆಗಳು ಬಹುಮಟ್ಟಿಗೆ ಅಲ್ಲಿಂದಲೇ ಹುಟ್ಟುವುವು. ಅಲ್ಲಿ ಸಮುದಾಯವೆಂದರೆ ಒಂದು ಪ್ರದೇಶದಲ್ಲಿ ಕೂಡಿ ಬಾಳುವ ಎಲ್ಲರೂ. ಮಲ್ಲೇಶ್ವರದ ಮಾರುಕಟ್ಟೆಯಲ್ಲಿ ಅದೇ ಪದಕ್ಕೆ “ನಮ್ಮ ಸಮುದಾಯದವರು” ಎಂಬಲ್ಲಿಯ ಅರ್ಥ, ಅಂದರೆ ಜಾತಿ. ರೋಗವು “ಸಮುದಾಯಕ್ಕೆ ಹರಡಿತೇ” ಎಂದು ತಜ್ಞರು ಚರ್ಚಿಸುತ್ತಿದ್ದ ಆ ದಿನಗಳಲ್ಲಿ, ಅದನ್ನು ಒಂದು ಮತದವರ ಮೇಲೆ ಹೊರಿಸುವ ಮಾತು ದೇಶದಲ್ಲೆಲ್ಲ ಕೇಳಿಬಂದಿತು. ಆ ದ್ವೇಷವನ್ನು ಒಂದು ಪದವು ಹುಟ್ಟಿಸಿತೆಂದರೆ ಅತಿಶಯೋಕ್ತಿಯಾದೀತು. ಹುಟ್ಟಿದ ದ್ವೇಷಕ್ಕೆ ಎಡೆಕೊಡದ “ಊರೆಲ್ಲ”, “ಬೀದಿಯೆಲ್ಲ” ಎಂಬ ಪದಗಳು ಕನ್ನಡದಲ್ಲಿ ಇದ್ದವೆಂದರೆ ಸತ್ಯವಾಗುತ್ತದೆ.

ಹಳೆಯ ಬಡಾವಣೆಗಳ ಕೆಲವು ಹಿರಿಯರು ಆ ವರುಷ ಇನ್ನೊಂದು ಸಂತೋಷವನ್ನು ಕಂಡುಕೊಂಡರು: ಹೊರಗಿನಿಂದ ಬಂದರೆ ಕಾಲು ತೊಳೆಯುವುದು, ಮುಟ್ಟದಿರುವುದು, ಬಟ್ಟೆ ಬೇರೆಯಿಡುವುದು ಇವೆಲ್ಲ ನಮ್ಮ ಮಡಿಯಲ್ಲವೇ, ಲೋಕವು ಈಗ ಕಲಿಯಿತು ಎಂದು. ಕೈಕಾಲು ತೊಳೆಯುವುದು ಒಳ್ಳೆಯದೇ. ಆದರೆ ಮಡಿಯ ಚತುರ್ಥಿಯು ಯಾವುದು? ಮಡಿಯುಟ್ಟವನು ಇತರರಿಂದ ತನ್ನನ್ನು ಕಾಪಾಡಿಕೊಳ್ಳುತ್ತಾನೆ; ತನ್ನಿಂದ ಇತರರಿಗೆ ಕೇಡಾದೀತೆಂಬ ಶಂಕೆ ಅವನಿಗೆ ಬರುವುದಿಲ್ಲ. ಮುಖಕ್ಕೆ ಕಟ್ಟಿದ ಬಟ್ಟೆಯ ಅಭಿಪ್ರಾಯವು ಬೇರೆ: ತನ್ನ ಉಸಿರಿನಿಂದ ಎದುರಿನವನಿಗೆ ರೋಗ ತಾಗದಿರಲಿ ಎಂಬುದು ಅದರ ಅರ್ಧ ತಾತ್ಪರ್ಯ. ಮಡಿಯಲ್ಲಿ ಮೈಲಿಗೆಯು ಜನ್ಮದಿಂದ ಅಂಟಿದ್ದು, ಸೋಂಕಿನಲ್ಲಿ ಅದು ಎರಡು ವಾರದ ಮಾತು. ಇವೆರಡನ್ನು ಒಂದೆಂದವರು ಮಡಿಯನ್ನೂ ಅರಿಯರು, ಸೋಂಕನ್ನೂ ಅರಿಯರು.

ಇಷ್ಟು ಹೇಳಿದ ಮೇಲೆ ಒಳ್ಳೆಯ ಪದಗಳ ಬಗೆಗೂ ಒಂದು ಮಾತು. ಹಳ್ಳಿಹಳ್ಳಿಗೂ ಮನೆಮನೆಗೂ ನಡೆಯುವ ಆಶಾ ಕಾರ್ಯಕರ್ತೆಯರ ಹೆಸರು ಇಂಗ್ಲೀಷಿನ ನಾಲ್ಕು ಪದಗಳ ಆದ್ಯಕ್ಷರಗಳಿಂದ ೨೦೦೫ರಲ್ಲಿ ಕಟ್ಟಿದ್ದು. ಅದು ಬಾಗಿಲಿಗೆ ಬಂದು ನಿಂತಾಗ ಯಾರೂ ಅದರ ವಿಗ್ರಹವಾಕ್ಯವನ್ನು ಕೇಳಲಿಲ್ಲ. ಆಶೆಯೆಂದರೆ ಏನೆಂದು ಎಲ್ಲರಿಗೂ ಗೊತ್ತು, ಬಂದವಳು ಯಾರ ಮಗಳೆಂಬುದೂ ಗೊತ್ತು. “ಆಶಾ ಬಂದಿದ್ದಳು, ಮಗುವಿಗೆ ಸೂಜಿ ಹಾಕಿಸಬೇಕಂತೆ” ಎಂಬ ವಾಕ್ಯದಲ್ಲಿ ಕರ್ತೃವಿದೆ, ಕರ್ಮವಿದೆ, ಮಗುವಿಗೆ ಎಂಬ ಚತುರ್ಥಿಯಿದೆ. ವಿಶ್ವವಿದ್ಯಾನಿಲಯಗಳು ಅನುಕರಿಸಬೇಕಾದ ಗದ್ಯಶೈಲಿ ಎಲ್ಲಿದೆಯೆಂದು ಕೇಳುವವರಿಗೆ ಇದನ್ನು ತೋರಿಸಬಹುದು.

ಮೊದಲು ಎತ್ತಿಕೊಂಡ ಮಾದರಿ ವಾಕ್ಯದ ಕಡೆಗೆ ಒಮ್ಮೆ ತಿರುಗಬೇಕು. ೨೦೨೪ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರಕಾರವು ಡೆಂಗಿ ಜ್ವರವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ನೀರು ನಿಲ್ಲಿಸಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನು ಗೊತ್ತುಮಾಡಿತು. ಈ ಸೊಳ್ಳೆಯು ಚರಂಡಿಯ ಕೊಳಕನ್ನು ಮೆಚ್ಚುವುದಲ್ಲ. ಮನೆಯೊಳಗಿನ ತಿಳಿನೀರಿನಲ್ಲಿ ಮೊಟ್ಟೆಯಿಟ್ಟು ಹಗಲಿನಲ್ಲಿ ಕಚ್ಚುವಂಥದು. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರುವುದಕ್ಕೆ ಒಂದು ವಾರದಿಂದ ಹತ್ತು ದಿನ ಸಾಕು. ಬಸವನಗುಡಿಯ ಹಳೆಯ ಮನೆಗಳ ಹಿತ್ತಲಿನ ತೊಟ್ಟಿ, ಬಚ್ಚಲ ಹಂಡೆ, ತುಲಸೀಕಟ್ಟೆಯ ಬಳಿಯ ಹೂಕುಂಡದ ತಟ್ಟೆ, ಹೊಸ ಮನೆಗಳ ಸಂಪು, ಇವೆಲ್ಲ ಅದಕ್ಕೆ ಬೇಕಾದಷ್ಟು. “ಲಾರ್ವಾ ಉತ್ಪತ್ತಿ ತಾಣಗಳ ನಿರ್ಮೂಲನಾ ಕಾರ್ಯಕ್ರಮವನ್ನು ಹಮ್ಮಿಕೊಳ್ಳಲಾಗಿದೆ” ಎಂಬ ಪ್ರಕಟನೆಯನ್ನು ಓದಿದ ಮನೆಯಾಕೆಯು ಆ ತಾಣಗಳು ಬೇರೆ ಎಲ್ಲಿಯೋ ಇವೆಯೆಂದು ತಿಳಿದು ಕಾಗದವನ್ನು ಮಡಿಸಿಡುತ್ತಾಳೆ. ಅವಳ ಹಿತ್ತಲಿನ ತೊಟ್ಟಿಯಲ್ಲಿ ಹುಳಗಳು ಆಡುತ್ತಿರುತ್ತವೆ. ಅದೇ ಕಾಗದವು ಹೀಗಿದ್ದರೆ: “ನಿಮ್ಮ ಮನೆಯ ತೊಟ್ಟಿಗೂ ಹಂಡೆಗೂ ವಾರಕ್ಕೊಂದು ದಿನ ರಜ ಕೊಡಿ. ಶುಕ್ರವಾರ ನೀರೆಲ್ಲ ಚೆಲ್ಲಿ, ಗೋಡೆ ಉಜ್ಜಿ, ಒಣಗಿಸಿ. ನಮ್ಮ ವಿದ್ಯಾರ್ಥಿಗಳು ಶನಿವಾರ ಬೆಳಗ್ಗೆ ಗಾಂಧಿಬಜಾರಿನ ಸುತ್ತಲ ಬೀದಿಗಳಿಗೆ ಬರುತ್ತಾರೆ; ತೊಟ್ಟಿಯಲ್ಲಿ ಹುಳ ಕಂಡಿದ್ದರೆ ಅವರಿಗೆ ತೋರಿಸಿ.”